ಸೋದರಮಾವನ ತೊಡೆ

ಭಾನುವಾರ ಬೆಳಿಗ್ಗೆ ಮೈಸೂರಿನ ಬಸ್ಸು ಹತ್ತುವಾಗ ಯಾರಾದರೂ "ಎಲ್ಲಿಗೆ ಹೊರಟ್ರಿ?" ಎಂದರೆ "ಆಸ್ಪತ್ರೆಗೆ, ಆಟ ಆಡೋಕೆ" ಎನ್ನುತ್ತಿದ್ದೆ. ಕೇಳಿದವರು ಒಮ್ಮೆ ನಕ್ಕು, ಆಮೇಲೆ ನನ್ನ ತಲೆಯ ಕಡೆ ನೋಡುತ್ತಿದ್ದರು. ಔಷಧಿ ನೆತ್ತಿಗೇರಿರಬೇಕು ಎಂದು ಅವರ ಅನುಮಾನ. ಟಿ. ನರಸೀಪುರದ ಸರ್ಕಾರಿ ಕಚೇರಿಯೊಂದರ ಗುಮಾಸ್ತ ವಾರಕ್ಕೊಂದೇ ರಜೆಯನ್ನು ಆಸ್ಪತ್ರೆಯ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಮಕ್ಕಳ ಜೊತೆ ಚೌಕಾಬಾರ ಆಡಿ ಕಳೆಯುತ್ತಾನೆಂದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಅವರನ್ನು ದೂರುವುದಿಲ್ಲ.

ಈ ಆಟ ಶುರುವಾದದ್ದು ನನ್ನ ಕಾಯಿಲೆಯಿಂದ. ಅದನ್ನು ಮೊದಲು ಹೇಳಿ ಮುಗಿಸುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಕತ್ತಿನ ಎಡಬದಿಯಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಗಂಟು. ನೋವಿಲ್ಲ, ಒತ್ತಿದರೆ ಜಾರುತ್ತದೆ. ಸಂಜೆಯಾದರೆ ಜ್ವರ. ಬೆಳಗಾದರೆ ಏನೂ ಇಲ್ಲ, ದಿಂಬು ಮಾತ್ರ ಒದ್ದೆ. ಕ್ಷಯ ಇರಬಹುದೆಂದು ಮಾತ್ರೆ ಕೊಟ್ಟರು, ತಿಂಗಳುಗಟ್ಟಲೆ ನುಂಗಿದೆ. ನೆಲ್ಲಿಕಾಯಿ ನಿಂಬೆಹಣ್ಣಾಯಿತು. ಬಿಳಿಗೆರೆ ಹತ್ತಿರದ ನಮ್ಮೂರಿಂದ ಅವ್ವ ಬಂದು ಗಂಟು ಮುಟ್ಟಿ ನೋಡಿ, "ಯಾರೋ ಮಾಡ್ಸವ್ರೆ ಕಣ್ಲಾ. ನಿಂಗೆ ಸರ್ಕಾರಿ ಕೆಲ್ಸ ಸಿಕ್ತಲ್ಲ, ಒಟ್ಟೆಕಿಚ್ಚು" ಎಂದಳು. ನಾವು ದೇವರ ಪಟಗಳನ್ನೆಲ್ಲ ಇಳಿಸಿ ಬುದ್ಧನದೊಂದು ಇಟ್ಟುಕೊಂಡಿದ್ದ ಮನೆಯವರು. ಅವ್ವ ಆ ಬುದ್ಧನ ಹಿಂದೆಯೇ ಮಂತ್ರಿಸಿದ ನಿಂಬೆಹಣ್ಣೊಂದನ್ನು ಸಿಕ್ಕಿಸಿ ಊರಿಗೆ ಹೋದಳು. ಬುದ್ಧ ಏನೂ ಅನ್ನಲಿಲ್ಲ, ನಾನೂ ಸುಮ್ಮನಿದ್ದೆ.

ಕೊನೆಗೆ ಮೈಸೂರಿನಲ್ಲಿ ಗಂಟಿನ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಕಾದದ್ದಿದೆಯಲ್ಲ, ಮುಂದೆ ನಡೆದ ಯಾವ ಚಿಕಿತ್ಸೆಯೂ ಅಷ್ಟು ಕಷ್ಟವಾಗಲಿಲ್ಲ. ಮರದ ಬೆಂಚಿನ ಮೇಲೆ ನಾನು, ನನ್ನ ಹೆಂಡತಿ ಮಂಜುಳಾ. ಪಕ್ಕದವರ ಹೆಸರು ಕೂಗಿದರೂ ನಾನು ಎದ್ದು ನಿಲ್ಲುತ್ತಿದ್ದೆ. ಡಾಕ್ಟರು ಕ್ಯಾನ್ಸರ್ ಎಂದೇ ಹೇಳಿದರು, ಗುಣವಾಗುವ ಜಾತಿಯದು ಎಂದೂ ಸೇರಿಸಿದರು. ನನಗೆ ಮೊದಲನೆಯದಷ್ಟೇ ಕೇಳಿಸಿತು. ಮಂಜುಳಾ ಮಾತ್ರ, "ಊಟಕ್ಕೆ ಏನ್ ಕೊಡಬಹುದು ಸಾರ್?" ಎಂದು ಕೇಳಿದಳು. ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ನಾನು ಸಾಯುವವರ ಲೆಕ್ಕದಲ್ಲಿದ್ದೆ, ಅವಳು ಉಣ್ಣುವವರ ಲೆಕ್ಕದಲ್ಲಿಟ್ಟಿದ್ದಳು ಎಂಬುದು ಆಮೇಲೆ ಹೊಳೆಯಿತು.

ನೋಡಲು ಬಂದವರೆಲ್ಲ ಬ್ರೆಡ್ಡು ತಂದರು. ನಮ್ಮ ಕಡೆ ಬ್ರೆಡ್ಡೆಂದರೆ ರೋಗಿಯ ಊಟ, ಗಟ್ಟಿಮುಟ್ಟಾದವನು ತಿಂದರೆ ನಗುತ್ತಾರೆ. ಬಂದದ್ದನ್ನೆಲ್ಲ ಜೋಡಿಸಿದ್ದರೆ ಬೇಕರಿ ತೆಗೆಯಬಹುದಿತ್ತು. ಕೆಲವರು ಬಾಗಿಲಲ್ಲೇ ನಿಂತು ಅತ್ತು, ಬ್ರೆಡ್ಡು ಕೊಟ್ಟು, ಹೊರಗೆ ಹೋಗಿ ಕಾಫಿ ಕುಡಿದು ಬಸ್ಸು ಹತ್ತಿದರು. ಅಳುವವರಿಗಿಂತ, ಕಾಯಿಲೆಯ ಮಾತೆತ್ತದೆ ಕಚೇರಿಯ ಸುದ್ದಿ ಹೇಳಿ ನಗಿಸಿ ಹೋದವರೇ ನನಗೆ ಬೇಕಾಗಿದ್ದರು.

ಬಾಟಲಿಯಿಂದ ಔಷಧಿ ಏರಿಸುವ ಕೋಣೆ ಒಂದೇ. ಅಲ್ಲಿ ದೊಡ್ಡವರು, ಚಿಕ್ಕವರು ಎಂಬ ಭೇದವಿರಲಿಲ್ಲ. ನನ್ನ ಬಾಟಲಿಗಳಲ್ಲೊಂದು ಕೆಂಪು ಔಷಧಿಯದು. ಅದು ಹೋದ ಮೇಲೆ ಮೂತ್ರವೂ ಕೆಂಪಗೆ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಮೊದಲ ಸಲ ನೋಡಿ, ಮುಗಿಯಿತು ನನ್ನ ಕಥೆ ಎಂದು ಗೋಡೆ ಹಿಡಿದು ನಿಂತುಬಿಟ್ಟಿದ್ದೆ. ಹಿಂತಿರುಗಿ ಬಂದಾಗ ಪಕ್ಕದ ಹಾಸಿಗೆಯ ಪುಟ್ಟ ಹುಡುಗಿ ನನ್ನ ಮುಖ ನೋಡಿದಳು.

"ಮಾಮ, ನಿಂಗೂ ಕೆಂಪು ಔಸ್ದಿನಾ?"

"ಹೂಂ."

"ಉಚ್ಚೆ ಕೆಂಪಗ್ ಬಂತಾ?"

"ಬಂತು ಕಣವ್ವ."

"ಎದ್ರುಕೊಂಡ್ಯಾ?"

"ಹೆದರ್ಕೊಂಡೆ."

"ನಾನ್ ಎದ್ರುಕೊಳ್ನಿಲ್ಲಪ್ಪ" ಎಂದು ಆ ಕಡೆ ತಿರುಗಿ ಮಲಗಿದಳು. ನನಗೆ ನಾಚಿಕೆಯಾಯಿತು, ಧೈರ್ಯವೂ ಬಂತು. ಮುಂದಿನ ಸಲ ಹೋಗುವಾಗ ಹಳೆಯ ಕ್ಯಾಲೆಂಡರಿನ ಹಿಂದೆ ಚೌಕಾಬಾರದ ಮನೆ ಬರೆದು, ಜೇಬಿನಲ್ಲಿ ನಾಲ್ಕು ಕವಡೆ ಹಾಕಿಕೊಂಡು ಹೋದೆ. ಒಂದು ಕೈಗೆ ಸೂಜಿ, ಇನ್ನೊಂದು ಕೈಯಲ್ಲಿ ಕವಡೆ. ಅವಳು ನನ್ನನ್ನು ಸೋಲಿಸಿ ಸೋಲಿಸಿ ಹಾಕಿದಳು. ವಾಂತಿ ಬಂದಾಗ ಆಟ ನಿಲ್ಲಿಸುವುದು, ತೊಳೆದುಕೊಂಡು ಬಂದು ಮತ್ತೆ ಮುಂದುವರಿಸುವುದು.

ನನಗೆ ವಾಸಿಯಾಯಿತು. ಕೂದಲು ಮತ್ತೆ ಬಂತು, ಮೊದಲಿನಷ್ಟಲ್ಲ. ಪರೀಕ್ಷೆಗೆಂದು ಹೋಗುತ್ತಲೇ ಇರಬೇಕಾಗಿತ್ತು. ಹೋದಾಗಲೆಲ್ಲ ಮಕ್ಕಳು "ಆಟದ್ ಮಾಮ ಬಂದ" ಎಂದು ಕೂಗುತ್ತಿದ್ದರು. ಪರೀಕ್ಷೆಗಳು ಕಡಿಮೆಯಾದ ಮೇಲೂ ನಾನು ಹೋಗುವುದು ಕಡಿಮೆಯಾಗಲಿಲ್ಲ. ಮಕ್ಕಳಿಗೆ ಬೇರೆ ವಾರ್ಡು ಆಯಿತು. ಕೈ ತೊಳೆದುಕೊಂಡು ಬರಬೇಕು, ಕವಡೆಗಳನ್ನು ಕುದಿಸಿ ತರಬೇಕು ಎಂದು ನರ್ಸಮ್ಮ ಕಟ್ಟುಮಾಡಿದರು. ಕುದಿಸಿದ ಕವಡೆ ಹೊಳಪು ಕಳೆದುಕೊಳ್ಳುತ್ತದೆ, ಬೀಳುವುದು ಚೆನ್ನಾಗಿಯೇ ಬೀಳುತ್ತದೆ. ಸೂಜಿ ತೆಗೆದ ಸಿರಿಂಜಿನಲ್ಲಿ ಮಕ್ಕಳು ನನಗೆ ಚುಚ್ಚುತ್ತಿದ್ದರು. "ಅಳ್ಬೇಕು ನೀನು" ಎಂದು ಆಜ್ಞೆ. ಅತ್ತರೆ, "ಸುಮ್ಕಿರು, ಆಗೋಯ್ತು" ಎಂದು ಸಮಾಧಾನ. ಒಂದೊಂದು ಭಾನುವಾರ ಹೋದಾಗ ಯಾವುದಾದರೂ ಹಾಸಿಗೆಯ ಬಟ್ಟೆ ಬದಲಾಗಿರುತ್ತಿತ್ತು. "ಊರಿಗೋದ" ಎನ್ನುತ್ತಿದ್ದರು ಉಳಿದ ಮಕ್ಕಳು. ಯಾವ ಊರು ಎಂದು ನಾನು ಕೇಳುತ್ತಿರಲಿಲ್ಲ. ಅವರಿಗೂ ಗೊತ್ತಿತ್ತು. ಅಂಥ ದಿನ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಿದ್ದೇನೆ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಂಜುಂಡ ಬಂದ. ಕವಲಂದೆ ಕಡೆಯ ಹುಡುಗ, ಏಳು ವರ್ಷ. ಸೊಂಟದವರೆಗೆ ಜಡೆ. ಮೊದಲ ದಿನ ನಾನು, "ಏನ್ ಪುಟ್ಟಿ, ನಿನ್ನ ಹೆಸರು?" ಎಂದೆ. ಅವನು ಚಡ್ಡಿಯ ಜೇಬಿಗೆ ಕೈ ಹಾಕಿ, "ನಾನು ಗಂಡುಡ್ಗ ಕಣ್ ಮಾಮ. ಇದು ದೇವ್ರ ಜಡೆ" ಎಂದ.

ಅವನ ಮೊದಲು ಹುಟ್ಟಿದ ಎರಡು ಮಕ್ಕಳು ಕೈಗೆ ಹತ್ತಿರಲಿಲ್ಲ. ಇವನು ಉಳಿದರೆ ನಂಜನಗೂಡಿನಲ್ಲಿ ಮುಡಿ ಕೊಡುತ್ತೇನೆಂದು ತಾಯಿ ರತ್ನಮ್ಮ ಹರಕೆ ಹೊತ್ತಿದ್ದರು. ಹರಕೆಯ ಕೂದಲಿಗೆ ಅಲ್ಲಿಯವರೆಗೆ ಕತ್ತರಿ ತಾಗುವಂತಿಲ್ಲ. ಮೂರನೇ ವರ್ಷಕ್ಕೇ ಆಗಬೇಕಿತ್ತು. ಆದರೆ ಮೊದಲ ಮುಡಿಗೆ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಸೋದರಮಾವ ಮುನಿಸಿಕೊಂಡಿದ್ದ. ಇವರ ಮನೆಯ ಗೃಹಪ್ರವೇಶದಲ್ಲಿ ಮೊದಲ ಎಲೆಗೆ ಕೂತಿದ್ದವನನ್ನು ಯಾರೋ ಎಬ್ಬಿಸಿ ಬೇರೆ ನೆಂಟರನ್ನು ಕೂರಿಸಿದರಂತೆ. ಅವನು ಕೈ ತೊಳೆದು ಹೊರಟು ಹೋದವನು ಮತ್ತೆ ಬಂದಿರಲಿಲ್ಲ. ಹೀಗೆ ಒಂದು ಬಾಳೆಎಲೆಯ ದೆಸೆಯಿಂದ ಹುಡುಗನ ಜಡೆ ಬೆಳೆಯುತ್ತಲೇ ಹೋಗಿತ್ತು.

ಈಗ ಹುಡುಗನಿಗೆ ರಕ್ತದ ಕ್ಯಾನ್ಸರ್. ಔಷಧಿ ಕೂಡಲೇ ಶುರುವಾಗಬೇಕು, ಶುರುವಾದರೆ ಕೂದಲು ಉದುರುತ್ತದೆ. ಡಾಕ್ಟರು ಇದನ್ನು ಹೇಳಿದ ಗಳಿಗೆಯಿಂದ ರತ್ನಮ್ಮ ಕಲ್ಲಾದರು.

"ಮುಡಿ ಆಗೋಗಂಟ ಔಸ್ದಿ ಬ್ಯಾಡಿ" ಎಂದರು. "ದೇವ್ರ ಕೂದ್ಲು ಆಸ್ಪತ್ರೆ ಕಸದ್ ಬುಟ್ಟಿಗ್ ಬಿದ್ರೆ ಅವ್ನು ಸುಮ್ಕಿದ್ದಾನಾ? ಎಲ್ಡು ಈಸ್ಕೊಂಡವ್ನೆ. ಇದ್ನೂ ಈಸ್ಕತಾನೆ."

ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಯ್ದು ನೋಡಿದರು, ಬೇಡಿಕೊಂಡು ನೋಡಿದರು. "ತಡ ಆದ್ರೆ ನನ್ನ ಕೈಲಿ ಏನೂ ಇರಲ್ಲ ಕಣಮ್ಮ" ಎಂದರು. ಹುಡುಗನ ಮೂಗಿನಿಂದ ರಕ್ತ ಬರಲು ಶುರುವಾಗಿತ್ತು. ಗಂಡ ಶಿವಣ್ಣ ಮಾತಾಡುವ ಜಾಯಮಾನದವನಲ್ಲ. ಬಾಗಿಲಾಚೆ ನಿಂತು ಟವೆಲ್ಲಿನ ಅಂಚನ್ನು ಹಿಂಡುತ್ತಿದ್ದ. ಕೊನೆಗೆ ನನ್ನನ್ನೇ ಕರೆದ, "ಸಾ, ನಮ್ ಬಾವನ್ ಅತ್ರ ನೀವೂ ಒಂದ್ ಮಾತ್ ಏಳಿ ಸಾ. ಓದಿರೋರ್ ಮಾತು ಕೇಳ್ತಾನೆ."

ತಾಂಡವಪುರಕ್ಕೆ ಇಬ್ಬರೂ ಹೋದೆವು. ರತ್ನಮ್ಮನ ಅಣ್ಣ ಕೆಟ್ಟವನಲ್ಲ. ಜಗಲಿಯ ಮೇಲೆ ಕೂರಿಸಿ ಕಾಫಿ ಕೊಡಿಸಿದ. ಹುಡುಗನ ಸ್ಥಿತಿ ಕೇಳಿ ಕಣ್ಣೂ ಒರೆಸಿಕೊಂಡ. ಆದರೆ ಹಟ ಬಿಡಲಿಲ್ಲ.

"ಬರಕಿಲ್ಲ ಅಂತ ನಾನೆಲ್ಲಂದೆ? ನಾಕ್ ಜನದ್ ಮುಂದೆ ಎಲೆಯಿಂದ ಎಬ್ಸುದ್ರಿ. ನಾಕ್ ಜನ ಯಜಮಾನ್ರು ಬಂದು ಎಲೆ ಅಡ್ಕೆ ಮಡಗಿ ಕರೀರಿ, ಬತ್ತೀನಿ."

"ಮಗೀಗ್ ಜೋರಾಗದೆ ಕಣ್ ಬಾವ" ಎಂದ ಶಿವಣ್ಣ.

"ಅದ್ಕೇ ಅಂದದ್ದು, ಬಿರ್ನೆ ಯಜಮಾನ್ರ ಕರ್ಕೊಂಡ್ ಬಾ ಅಂತ."

ಕವಲಂದೆಯ ಮನೆಯಲ್ಲಿ ಶಿವಣ್ಣನ ತಾಯಿ, "ನನ್ ಮಗ ಅವ್ನ್ ಬಾಗ್ಲಿಗ್ ಓಗಿದ್ದೇ ಎಚ್ಚಾಯ್ತು. ಯಜಮಾನ್ರನ್ನೂ ಕಳುಸ್ಬೇಕಾ?" ಎಂದರಂತೆ. ಅತ್ತ ದರಿ, ಇತ್ತ ಪುಲಿ. ನನಗೆ ಸಿಟ್ಟು ನೆತ್ತಿಗೇರಿತ್ತು. ಒಂದು ಮಗುವಿನ ಜೀವ, ಅದರ ಒಂದು ಕಡೆ ಬಾಳೆಎಲೆ, ಇನ್ನೊಂದು ಕಡೆ ವೀಳ್ಯದೆಲೆ. ಯಾರಿಗೆ ಹೇಳುವುದು?

ವಾರ್ಡಿನಲ್ಲಿ ನಾನು ನಾಲ್ಕು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಆಡುತ್ತಿದ್ದಾಗ ನಂಜುಂಡ ಕವಡೆ ಉಜ್ಜುತ್ತಾ ಇದ್ದಕ್ಕಿದ್ದಂತೆ, "ಆಟದ್ ಮಾಮನ್ ತೊಡೆ ಮ್ಯಾಲ್ ಕೂತ್ಕತೀನಿ ಬುಡವ್ವ. ಇವ್ರೂ ಮಾಮನೇ ಅಲ್ವಾ?" ಎಂದ. ಸುತ್ತಲಿದ್ದವರೆಲ್ಲ ನಕ್ಕರು. ರತ್ನಮ್ಮ ನಗಲಿಲ್ಲ.

ಸ್ವಲ್ಪ ಹೊತ್ತಿಗೆ ನಲ್ಲಿಯ ಹತ್ತಿರ ನಾನು ಕೈ ತೊಳೆಯುತ್ತಿದ್ದಾಗ ಬಂದು ಪಕ್ಕದಲ್ಲಿ ನಿಂತರು. "ನಿಮ್ದು ಯಾವೂರಣ್ಣ?"

"ಬಿಳಿಗೆರೆ ಹತ್ರ."

"ಯಾರ ಪೈಕಿ?"

ನಮ್ಮ ಕಡೆ ಈ ಪ್ರಶ್ನೆಗೆ ಒಂದೇ ಅರ್ಥ. ಕಚೇರಿಯಲ್ಲಿ ಯಾರಾದರೂ ಕೇಳಿದ್ದರೆ ತಕ್ಕ ಉತ್ತರ ಕೊಟ್ಟು ಕಳಿಸುತ್ತಿದ್ದೆ. ಇವರ ಮೇಲೆ ಸಿಟ್ಟು ಬರಲಿಲ್ಲ. "ಕೇರಿಯವನು ಕಣಮ್ಮ" ಎಂದೆ.

ಅವರು ಹಿಡಿದಿದ್ದ ಬಾಟಲಿ ತುಂಬಿ ನೀರು ಚೆಲ್ಲಿತು. ನಲ್ಲಿ ನಿಲ್ಲಿಸಿ, ಬಾಟಲಿಗೆ ಮುಚ್ಚಳ ಹಾಕಿ, ಸೆರಗಿನಿಂದ ಒರೆಸಿದರು.

"ನಂಜುಂಡಪ್ಪನ್ ಒಳೇಲಿ ಎಲ್ಲಾರೂವೆ ಮೀಯ್ತಾರೆ" ಎಂದರು. "ನೀವ್ ಬತ್ತೀರಾ ಅಣ್ಣ?"

ಹೂಂ ಎಂದೆ. ಮನೆಗೆ ಬಂದು ಹೇಳಿದಾಗ ಮಂಜುಳಾ ಅನ್ನ ಬಡಿಸುವ ಕೈ ನಿಲ್ಲಿಸಿದಳು. "ಮುಡಿಗಿಡಿ ನಂಬದೋರು ನೀವು. ಅದಿರಲಿ. ಆ ಹುಡುಗನಿಗೆ ಹೆಚ್ಚುಕಮ್ಮಿ ಆದ್ರೆ ಕಾಯಿಲೆ ಮೇಲೆ ಹಾಕ್ತಾರೆ ಅಂದ್ಕೊಂಡ್ರಾ? ನಿಮ್ಮ ತೊಡೆ ಮೇಲೆ ಹಾಕ್ತಾರೆ." ಅವಳು ಹೇಳಿದ್ದು ಅಕ್ಷರಶಃ ನಿಜ. ನನಗೂ ಅದೇ ಭಯವಿತ್ತು. ಕ್ಯಾನ್ಸರಿಗೆ ಹೆದರಿದ್ದು ಬೇರೆ, ಇದು ಬೇರೆ. ಅದು ಮೈಯೊಳಗಿನದು, ಇದು ನಾನು ಹುಟ್ಟಿದಾಗಿನಿಂದ ಹೊರಗೆ ನಿಂತಿರುವುದು. ಹಾಗೆಂದು ಬರುವುದಿಲ್ಲ ಎನ್ನುವ ಧೈರ್ಯವೂ ನನಗಿರಲಿಲ್ಲ. ಔಷಧಿ ಕಾಯುವುದಿಲ್ಲ ಎಂಬುದು ನನಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು.

ಡಾಕ್ಟರಮ್ಮ ಹುಡುಗನಿಗೆ ರಕ್ತ ಕೊಡಿಸಿ, ಒಂದು ಹಗಲಿನ ಮಟ್ಟಿಗೆ ಬಿಟ್ಟರು. ಹೊಳೆಯಲ್ಲಿ ಮುಳುಗಿಸುವಂತಿಲ್ಲ, ಕತ್ತಿ ತಾಗಿಸುವಂತಿಲ್ಲ, ಗಾಯವಾದರೆ ರಕ್ತ ನಿಲ್ಲುವುದಿಲ್ಲ. ಹೀಗೆ ಹೇಳಿ, ಕುದಿಸಿ ಆರಿಸಿದ ನೀರನ್ನು ಕ್ಯಾನಿಗೆ ತುಂಬಿಸಿ ನನ್ನ ಕೈಗೇ ಕೊಟ್ಟರು. ನಂಜನಗೂಡಿನ ಸ್ನಾನಘಟ್ಟದಲ್ಲಿ ಮುಡಿ ತೆಗೆಯುವವರು ಕತ್ತಿ ಬೇಡವೆಂದಾಗ ಗರಂ ಆದರು. "ಕತ್ತಿ ಇಲ್ದೆ ಮುಡಿ ಎಂಗಾದಾತು? ಕ್ರಾಪ್ ಒಡ್ಸಕ್ಕೆ ಇಲ್ಲೀಗ್ಯಾಕ್ ಬಂದ್ರಿ?" ಎಂದರು. ಶಿವಣ್ಣ ಮೆಲ್ಲಗೆ ಕಾಯಿಲೆಯ ಹೆಸರು ಹೇಳಿದ. ಅವರು ಹುಡುಗನ ಮುಖವನ್ನೊಮ್ಮೆ ನೋಡಿ ಕತ್ತಿಯನ್ನು ಕೆಳಗಿಟ್ಟು ಕತ್ತರಿ ತೆಗೆದುಕೊಂಡರು.

"ಸೋದ್ರಮಾವ ಯಾರು? ಕೂರುಸ್ಕಳಿ."

ಬಂದಿದ್ದ ನಾಲ್ಕಾರು ನೆಂಟರು ಹೊಳೆಯ ಕಡೆ ನೋಡಿದರು. "ಇವ್ರೇಯ" ಎಂದರು ರತ್ನಮ್ಮ.

ಕಲ್ಲಿನ ಮೆಟ್ಟಿಲ ಮೇಲೆ ಕಾಲು ಮಡಿಸಿ ಕೂತೆ. ಹುಡುಗ ಬಂದು ತೊಡೆ ಏರಿದ. ಎಷ್ಟು ಹಗುರ! ಅವನ ಬೆನ್ನಿನ ಮೂಳೆಗಳು ನನ್ನ ಎದೆಗೆ ಒತ್ತುತ್ತಿದ್ದವು, ಮೈ ಸಣ್ಣಗೆ ನಡುಗುತ್ತಿತ್ತು. "ನೋಯ್ತದಾ ಮಾಮ?" ಎಂದ. ಇಲ್ಲ ಎಂದೆ. ಬುಡಕ್ಕೆ ಕತ್ತರಿ ತಾಗಿ ಜಡೆ ರತ್ನಮ್ಮನ ಮಡಿಲಿಗೆ ಬಿತ್ತು. ಉಳಿದದ್ದನ್ನು ತಲೆಗಂಟಿದಂತೆ ಕತ್ತರಿಸಿ, ಕೊನೆಗೆ ಕತ್ತಿಯ ಮೊಂಡು ಬೆನ್ನನ್ನು ನೆತ್ತಿಗೆ ಮೂರು ಸಲ ಮುಟ್ಟಿಸಿದರು. "ನಂಜುಂಡಪ್ಪಂಗ್ ಇಷ್ಟ್ ಸಾಕು, ತಾಯಿ" ಎಂದರು. ಕ್ಯಾನಿನ ನೀರಿಗೆ ರತ್ನಮ್ಮ ಹೊಳೆಯ ನೀರನ್ನು ಒಂದೇ ಒಂದು ತೊಟ್ಟು ಬೆರೆಸಿ ಹುಡುಗನ ತಲೆಗೆ ಹುಯ್ದರು. ನಾನು ನೋಡಿಯೂ ನೋಡದಂತಿದ್ದೆ. ಆಮೇಲೆ ನೆಂಟರು ಬುತ್ತಿ ಬಿಚ್ಚಿದರು. ನಾನು ಬಸ್ಸಿಗೆ ಹೊತ್ತಾಯಿತೆಂದೆ, ನಿಲ್ಲಿ ಎಂದು ಯಾರೂ ಒತ್ತಾಯ ಮಾಡಲಿಲ್ಲ. ರತ್ನಮ್ಮನೂ ತಲೆ ಎತ್ತಲಿಲ್ಲ. ನನಗೆ ನೋವಾಯಿತು. ಹೊಟ್ಟೆಯೂ ಹಸಿದಿತ್ತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಿಂದು ನರಸೀಪುರಕ್ಕೆ ಹೊರಟೆ.

ಮರುದಿನ ಔಷಧಿ ಶುರುವಾಯಿತು. ಹುಡುಗ ಚೆನ್ನಾಗಿಯೇ ತಡೆದುಕೊಂಡ. ಉಚ್ಚೆ ಕೆಂಪಗೆ ಬರುತ್ತದೆಂದು ನಾನು ಮೊದಲೇ ಹೇಳಿಟ್ಟಿದ್ದೆ. ಅದನ್ನು ಅವನು ವಾರ್ಡಿಗೆಲ್ಲ ಸಾರಿಕೊಂಡು ಬಂದ. ಕೆಲವು ವಾರ ಕಳೆದು ಜ್ವರ ಬಂತು. ಆ ಔಷಧಿ ರೋಗದ ಜೊತೆಗೆ ರೋಗ ತಡೆಯುವ ಶಕ್ತಿಯನ್ನೂ ತೆಗೆದುಬಿಡುತ್ತದೆ, ಆಗ ಸಣ್ಣ ಜ್ವರವೂ ದೊಡ್ಡದೇ. ಭಾನುವಾರ ನಾನು ಹೋದಾಗ ಅವನು ಕಣ್ಣು ಮುಚ್ಚಿ ಬಿದ್ದಿದ್ದ. ತುಟಿ ಒಡೆದಿತ್ತು. ಎರಡು ದಿನದಿಂದ ಬಾಯಿಗೆ ಏನೂ ಹೋಗಿಲ್ಲ, ಮಾತಿಲ್ಲ ಎಂದರು. ಡಾಕ್ಟರಮ್ಮ ಯಾವ ಭರವಸೆಯನ್ನೂ ಕೊಡದೆ ಮುಂದೆ ಹೋದರು.

ಕಾಯುವ ಸಂಕಟ ನನಗೆ ಗೊತ್ತು, ಓದುವವರನ್ನು ಕಾಯಿಸುವುದಿಲ್ಲ. ನಂಜುಂಡ ಉಳಿದ. ಈಗ ಅವನಿಗೆ ಮೀಸೆ ಬಂದಿದೆ, ಆಟದಲ್ಲಿ ಮೋಸ ಮಾಡುವುದನ್ನು ಬಿಟ್ಟಿಲ್ಲ. ಆದರೆ ಆ ಭಾನುವಾರ ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಹಾಸಿಗೆಯ ಪಕ್ಕದಲ್ಲಿ ಶಿವಣ್ಣನ ತಾಯಿ ಕೂತಿದ್ದರು. ಸೋದರಮಾವನಿಲ್ಲದ ಮುಡಿ ಎಂದು ನಂಜನಗೂಡಿಗೆ ಬಂದಿರದ ಅಜ್ಜಿ. ನನ್ನನ್ನು ನೋಡಿದ್ದೇ ಎದ್ದು ಹಾಸಿಗೆಗೆ ಅಡ್ಡ ನಿಂತರು.

"ನೀನೇನಪ್ಪಾ ಅವ್ನು? ನಿನ್ ತೊಡೆ ಮ್ಯಾಲ್ ಕೂರ್ಸಿದ್ಕೇಯ ನಂಜುಂಡಪ್ಪ ಮುನ್ಸ್ಕೊಂಡವ್ನೆ. ಓಗು. ಮಗೀನ್ ಮುಟ್ಬ್ಯಾಡ."

ಬರುತ್ತದೆಂದು ಗೊತ್ತಿದ್ದ ಮಾತು. ಕವಡೆಯ ಚೀಲವನ್ನು ಜೇಬಿಗೆ ಹಾಕಿಕೊಂಡು ತಿರುಗಿದೆ. ನಿಜ ಹೇಳಬೇಕೆಂದರೆ, ಒಂದು ಕ್ಷಣ ನಾನೂ ಆ ಮಾತನ್ನು ನಂಬಿದೆ. ನನ್ನಿಂದಲೇ ಏನೋ ಆಯಿತೆಂದು.

"ಅತ್ತೆಮ್ಮ" ಎಂದರು ರತ್ನಮ್ಮ. ದನಿ ಏರಿರಲಿಲ್ಲ. ನಿದ್ದೆಯಿಲ್ಲದೆ ಕಣ್ಣು ಊದಿಕೊಂಡಿದ್ದವು. "ಮಗೀನ್ ಸೋದ್ರಮಾವ ಬಿಸ್ಲಲ್ ಬಂದವ್ರೆ. ನೀರ್ ಕೊಡಿ."

ಅಜ್ಜಿ ಸೊಸೆಯನ್ನು ನೋಡಿದರು. ಸೊಸೆ ಕಣ್ಣು ತಪ್ಪಿಸಲಿಲ್ಲ. ಮನೆಗೆ ಬಂದ ಸೋದರಮಾವನಿಗೆ ನೀರು ಕೊಡದೆ ಕಳಿಸಿದ ಮನೆ ನಮ್ಮ ಸೀಮೆಯಲ್ಲಿ ಇಲ್ಲ. ಅದು ಅಜ್ಜಿಗೂ ಗೊತ್ತಿತ್ತು. ಕೊನೆಗೆ ಬಗ್ಗಿ ಮಂಚದ ಕೆಳಗಿನ ಚೊಂಬು ಎತ್ತಿಕೊಂಡರು.

ಚಿಕ್ಕಂದಿನಲ್ಲಿ ಅಪ್ಪನ ಜೊತೆ ಊರಿನ ಮೇಲಿನ ಬೀದಿಗೆ ಹೋದಾಗ ನೀರು ಕುಡಿಯುವ ಕ್ರಮವೊಂದಿತ್ತು. ಅವರು ಮೇಲಿನಿಂದ ಹುಯ್ಯುವುದು, ನಾವು ಬಗ್ಗಿ ಬೊಗಸೆಯೊಡ್ಡುವುದು. ಓದಿ, ಕೆಲಸಕ್ಕೆ ಸೇರಿ, ಎಷ್ಟೋ ವರ್ಷಗಳಾಗಿದ್ದವು. ಅಜ್ಜಿ ಚೊಂಬು ಎತ್ತಿದ್ದೇ ನನ್ನ ಬೆನ್ನು ತಾನಾಗಿ ಬಗ್ಗಿತು. ಕೈಗಳು ತಾವಾಗಿ ಬೊಗಸೆಯಾದವು.

ಅಜ್ಜಿ ಆ ಬೊಗಸೆಯನ್ನು ನೋಡಿದರು. ಪಕ್ಕದಲ್ಲಿ ನಂಜುಂಡ ಕುಡಿಯುವ ಸ್ಟೀಲ್ ಲೋಟವಿತ್ತು. ಅದಕ್ಕೆ ನೀರು ಬಗ್ಗಿಸಿ, ನನ್ನ ಬೊಗಸೆ ಬಿಡಿಸಿ, ಲೋಟವನ್ನು ಕೈಗಿಟ್ಟರು.

"ನೆಟ್ಗ್ ನಿಂತ್ಕೊಂಡ್ ಕುಡಿಯಪ್ಪ" ಎಂದರು.

ಕುಡಿದೆ. ಗುಟುಕಿನ ಸದ್ದು ಕೇಳಿಸಿತೋ ಏನೋ, ಹಾಸಿಗೆಯಲ್ಲಿ ಹುಡುಗ ಕಣ್ಣು ಬಿಟ್ಟ.

"ಮಾಮ" ಎಂದ, "ನಂಗೂ."